ಚೀಟಿಯಲ್ಲಿ ಪ್ರಶ್ನೆ ಇರಲಿ: ಶನಿವಾರಸಂತೆ ಕಡೆಯ ಒಂದು ಲೂಪಸ್ ಪ್ರಕರಣ

ಲೂಪಸ್ ಇರುವವರಿಗೆ ತಲೆಯ ತೊಂದರೆ ಶುರುವಾದರೆ ಮನೆಯವರು ಮೊದಲು ಹೇಳುವ ಮಾತು ಒಂದೇ. "ಒಂದು ಸ್ಕ್ಯಾನ್ ಮಾಡಿಸಿಬಿಡೋಣ ಡಾಕ್ಟ್ರೇ, ಗೊತ್ತಾಗುತ್ತಲ್ವಾ?" ಎಷ್ಟೋ ಸಲ ಗೊತ್ತಾಗುವುದಿಲ್ಲ. ಕೆಲವು ಸಲ ಒಂದೇ ಚಿತ್ರದಲ್ಲಿ ಎಲ್ಲ ಗೊತ್ತಾಗುತ್ತದೆ. ಈ ಎರಡೂ ಒಬ್ಬಳೇ ರೋಗಿಯಲ್ಲಿ, ಏಳು ತಿಂಗಳ ಅಂತರದಲ್ಲಿ ನಡೆದದ್ದರಿಂದ ಈ ಪ್ರಕರಣವನ್ನು ಪೂರ್ತಿ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ರೋಗಿ 26 ವರ್ಷದ ಯುವತಿ. ಕೊಡಗಿನ ಶನಿವಾರಸಂತೆ ಕಡೆಯವಳು. ಮನೆಗೆ ಸ್ವಲ್ಪ ಕಾಫಿ ತೋಟ, ಒಂದಿಷ್ಟು ಗದ್ದೆ. ಹತ್ತಿರದ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಎರಡು ವರ್ಷದ ಹಿಂದೆ ಕೀಲುನೋವು, ಕೆನ್ನೆ ಮೇಲೆ ಕೆಂಪು, ಕೂದಲು ಉದುರುವುದು ಶುರುವಾಗಿ ಲೂಪಸ್ ಎಂದು ಪತ್ತೆಯಾಗಿತ್ತು. ರೋಗಾಣುಗಳನ್ನು ಹೊಡೆಯಬೇಕಾದ ರೋಗನಿರೋಧಕ ಶಕ್ತಿ ನಮ್ಮ ದೇಹದ ಮೇಲೇ ತಿರುಗಿಬೀಳುವ ಕಾಯಿಲೆ ಇದು. ಹತ್ತು ರೋಗಿಗಳಲ್ಲಿ ಸುಮಾರು ಒಂಬತ್ತು ಮಂದಿ ಹೆಂಗಸರು, ಅದರಲ್ಲೂ ಚಿಕ್ಕ ವಯಸ್ಸಿನವರೇ ಜಾಸ್ತಿ. ಈಕೆಗೆ ಕಿಡ್ನಿಗೂ ತಾಗಿತ್ತು. ಲೂಪಸ್ ಹತೋಟಿಗೆ ಹೈಡ್ರಾಕ್ಸಿಕ್ಲೋರೋಕ್ವಿನ್, ಮೈಕೋಫೆನೊಲೇಟ್, ಸ್ವಲ್ಪ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದಳು.

ಕಾಫಿ ಕುಯ್ಲು ಜೋರಾಗಿದ್ದ ಜನವರಿ. ಮೂತ್ರದಲ್ಲಿ ಪ್ರೋಟೀನ್ ಜಾಸ್ತಿ ಹೋಗುತ್ತಿದೆ ಎಂದು ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಮಾತ್ರೆಯನ್ನು ದಿನಕ್ಕೆ 10 ಮಿಲಿಗ್ರಾಂನಿಂದ 50ಕ್ಕೆ ಏರಿಸಲಾಗಿತ್ತು. ಅದಾಗಿ ಎರಡನೇ ವಾರಕ್ಕೆ ರಾತ್ರಿ ನಿದ್ದೆ ಪೂರ್ತಿ ಹೋಯಿತು. ಪಕ್ಕದ ತೋಟದವರು ಮೊಬೈಲಲ್ಲಿ ತನ್ನ ಬಗ್ಗೆಯೇ ಮಾತಾಡುತ್ತಿದ್ದಾರೆ ಅನ್ನತೊಡಗಿದಳು. ಅಡುಗೆಮನೆಯಲ್ಲಿ ನಿಂತು ಯಾಕೆ ಬಂದೆ ಅಂತ ಮರೆಯುತ್ತಿದ್ದಳು. ಅತ್ತೆಯೊಬ್ಬರು ಹರಕೆ ಹೊತ್ತರು. ಅದಾದ ಮೂರನೇ ದಿನ, ಕಣದಲ್ಲಿ ಕಾಫಿ ಹರಡುತ್ತಿದ್ದ ಅಮ್ಮನ ಎದುರೇ ಬಿದ್ದು ಫಿಟ್ಸ್ ಬಂತು. ಆಗ ನಮ್ಮಲ್ಲಿಗೆ ಕರೆತಂದರು.

ನೋಡಿದಾಗ ಜ್ವರ ಇರಲಿಲ್ಲ. ಬಿ.ಪಿ. 156/98. ಕೈಕಾಲಲ್ಲಿ ಬಲ ಸರಿ ಇತ್ತು. ಆದರೆ ತಿಂಗಳ ಹೆಸರು ಕೇಳಿದರೆ ಹೇಳಲಾಗುತ್ತಿರಲಿಲ್ಲ, 20ರಿಂದ ಹಿಂದಕ್ಕೆ ಎಣಿಸಲಾಗುತ್ತಿರಲಿಲ್ಲ. ಎಣಿಸುವ ನಡುವೆ ನಿಲ್ಲಿಸಿ ಬಾಗಿಲ ಕಡೆ ನೋಡುತ್ತಿದ್ದಳು.

ಇಲ್ಲಿ ತಡೆದು ಯೋಚಿಸಬೇಕು. ಲೂಪಸ್ ಇರುವವರಿಗೆ ತಲೆ ಕೆಟ್ಟರೆ ಅದು ಲೂಪಸ್ಸೇ ಆಗಬೇಕೆಂದಿಲ್ಲ. ಅಮೆರಿಕದ ಸಂಧಿವಾತ ತಜ್ಞರ ಸಂಘ 1999ರಲ್ಲಿ ಲೂಪಸ್‌ನಲ್ಲಿ ಬರುವ ನರ ಮತ್ತು ಮನಸ್ಸಿನ ತೊಂದರೆಗಳನ್ನು 19 ಬಗೆಯಾಗಿ ಪಟ್ಟಿ ಮಾಡಿತು. ಫಿಟ್ಸ್, ಸ್ಟ್ರೋಕ್, ಭ್ರಮೆ, ತಲೆನೋವು, ನೆನಪಿನ ತೊಂದರೆ ಎಲ್ಲ ಅದರಲ್ಲಿವೆ. ಆದರೆ ಇದೇ ಲಕ್ಷಣಗಳು ಸ್ಟೀರಾಯ್ಡ್‌ನಿಂದ, ಸೋಂಕಿನಿಂದ, ಏರಿದ ಬಿ.ಪಿ.ಯಿಂದ, ಕಿಡ್ನಿ ಕೆಟ್ಟದ್ದರಿಂದಲೂ ಬರುತ್ತವೆ. ಲೂಪಸ್ ರೋಗಿಗಳಲ್ಲಿ ಕಾಣುವ ಇಂಥ ತೊಂದರೆಗಳಲ್ಲಿ ಸುಮಾರು ಮೂರನೇ ಒಂದು ಭಾಗವನ್ನು ಮಾತ್ರ ನೇರವಾಗಿ ಲೂಪಸ್ ತಲೆಗೆ ಕಟ್ಟಬಹುದು. ಇದು ಬರೀ ಹೆಸರಿಡುವ ವಿಷಯವಲ್ಲ. ಸ್ಟೀರಾಯ್ಡ್‌ನಿಂದ ಬಂದ ಭ್ರಮೆಯಾದರೆ ಮಾತ್ರೆ ಇಳಿಸಬೇಕು. ಲೂಪಸ್‌ನಿಂದಾದರೆ ಏರಿಸಬೇಕು. ಟಿ.ಬಿ. ಇದ್ದು ಏರಿಸಿದರೆ ಜೀವಕ್ಕೇ ಅಪಾಯ.

ಸ್ಟೀರಾಯ್ಡ್ ಮೇಲಿನ ಅನುಮಾನ ಸುಲಭವಾಗಿ ಬಿಡುವಂಥದ್ದಲ್ಲ. 1972ರ ಒಂದು ಹಳೇ ಅಧ್ಯಯನವನ್ನು ಇವತ್ತಿಗೂ ಎಲ್ಲರೂ ನೆನೆಯುತ್ತಾರೆ. ದಿನಕ್ಕೆ 40 ಮಿಲಿಗ್ರಾಂವರೆಗೆ ಪ್ರೆಡ್ನಿಸೋನ್ (ಅದೇ ಬಗೆಯ ಸ್ಟೀರಾಯ್ಡ್) ತಿಂದವರಲ್ಲಿ ಶೇ. 1.3 ಮಂದಿಗೆ ಮನಸ್ಸಿನ ತೊಂದರೆ ಬಂದಿತ್ತು. 41ರಿಂದ 80ರವರೆಗೆ ಶೇ. 4.6, 80 ದಾಟಿದರೆ ಶೇ. 18.4. ಈಕೆ ತಿನ್ನುತ್ತಿದ್ದದ್ದು 50. ಶುರುವಾದದ್ದು ಎರಡನೇ ವಾರ. ಲೆಕ್ಕ ಸರಿಯಾಗಿಯೇ ಕೂಡುತ್ತಿತ್ತು.

ಆ ಲೆಕ್ಕ ತಪ್ಪಿಸಿದ್ದು ಶಾಲೆಯ ಮುಖ್ಯ ಶಿಕ್ಷಕಿ. ಫೋನಿನಲ್ಲಿ ಕೇಳಿದಾಗ, ಹೊಸ ವರ್ಷಕ್ಕೂ ಮುಂಚೆಯೇ ಈಕೆ ಬೋರ್ಡಿನ ಮೇಲೆ ತಪ್ಪು ತಾರೀಕು ಬರೆಯುತ್ತಿದ್ದಳು, ಮಕ್ಕಳ ಹೆಸರು ಅದಲುಬದಲು ಮಾಡುತ್ತಿದ್ದಳು ಅಂದರು. ಅಂದರೆ ಮಾತ್ರೆ ಏರಿಸುವ ಮೊದಲೇ ತಲೆ ಮಂಕಾಗಿತ್ತು. ಯಾವ ಸ್ಕ್ಯಾನೂ ಇದನ್ನು ಹೇಳುವುದಿಲ್ಲ. ಈ ಪ್ರಕರಣದಲ್ಲಿ ಅತಿ ಬೆಲೆಬಾಳುವ ಪರೀಕ್ಷೆ ಯಾವುದು ಅಂದರೆ ನಾನು ಆ ಫೋನ್ ಕರೆ ಅನ್ನುತ್ತೇನೆ.

ಮೊದಲ ಸ್ಕ್ಯಾನ್

ಫಿಟ್ಸ್ ಬಂದಿದ್ದರಿಂದ ಮೊದಲು ಸಿಟಿ ಮಾಡಿಸಿದೆವು. ಕೆಲವೇ ನಿಮಿಷದ ಕೆಲಸ. ರಕ್ತಸ್ರಾವ ಇದೆಯಾ, ದೊಡ್ಡ ಗಡ್ಡೆ ಇದೆಯಾ, ಬೆನ್ನಿನ ನೀರು ತೆಗೆಯುವುದಕ್ಕೆ ಅಡ್ಡಿ ಏನಾದರೂ ಇದೆಯಾ, ಇಷ್ಟಕ್ಕೆ ಅದು ಸಾಕು. ಏನೂ ಇರಲಿಲ್ಲ. ಕಿಡ್ನಿ, ನರ, ಲೂಪಸ್ ಮೂರನ್ನೂ ಒಟ್ಟಿಗೆ ನೋಡುವವರು ಬೇಕಿದ್ದರಿಂದ ಮೈಸೂರಿಗೆ ಕಳಿಸಿದೆವು. ಎಂಆರ್‌ಐ ಅಲ್ಲೇ ಆಗಬೇಕಿತ್ತು.

ಎಂಆರ್‌ಐಗೆ ಬರೆಯುವ ಚೀಟಿಯ ಬಗ್ಗೆ ನನ್ನದೊಂದು ತಕರಾರಿದೆ. "ಎಂಆರ್‌ಐ ಬ್ರೈನ್" ಎಂದು ಎರಡೇ ಪದ ಬರೆದುಬಿಟ್ಟರೆ ಅರ್ಧ ಸ್ಕ್ಯಾನ್ ಸುಮ್ನೆ ಹೋದ ಹಾಗೆ. ಎಂಆರ್‌ಐ ಅಂದರೆ ಒಂದು ಚಿತ್ರವಲ್ಲ. ಬೇರೆ ಬೇರೆ ಬಗೆಯಲ್ಲಿ ತೆಗೆದ ಹಲವು ಚಿತ್ರಗಳ ಕಟ್ಟು. ಯಾವುದು ಬೇಕು ಅನ್ನುವುದು ನಾವು ಕೇಳುವ ಪ್ರಶ್ನೆ ಮೇಲೆ ನಿಂತಿದೆ. ಲೂಪಸ್ ರೋಗಿಗೆ ರಕ್ತ ಬೇಗ ಹೆಪ್ಪುಗಟ್ಟಬಹುದು, ಆದ್ದರಿಂದ ಮಿದುಳಿನ ಸಿರೆಗಳಲ್ಲಿ ಹೆಪ್ಪು ಇದೆಯೇ ಎಂದು ಕೇಳಬೇಕು. ಅದಕ್ಕೆ ವೆನೋಗ್ರಾಂ, ಅಂದರೆ ಸಿರೆಗಳ ಚಿತ್ರ ಬೇಕು. ಕೇಳದಿದ್ದರೆ ಮಾಡದೆಯೂ ಇರಬಹುದು. ಸ್ಟ್ರೋಕ್ ಹುಡುಕಲು ಡಿಫ್ಯೂಷನ್ ಚಿತ್ರ ಬೇಕು. ಹಳೇ ಸಣ್ಣ ರಕ್ತಸ್ರಾವದ ಗುರುತಿಗೆ ಇನ್ನೊಂದು ಬಗೆಯ ಚಿತ್ರ. ಟಿ.ಬಿ. ಗಡ್ಡೆ, ಮಿದುಳಿನ ಪೊರೆಯ ಉರಿಯೂತ ಕಾಣಬೇಕಾದರೆ ಗ್ಯಾಡೋಲಿನಿಯಂ ಅನ್ನುವ ಕಾಂಟ್ರಾಸ್ಟ್ ಔಷಧಿ ಕೊಡಬೇಕು. ಅದನ್ನು ಕೊಡುವ ಮುಂಚೆ ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂದು ನೋಡಬೇಕು. ಕಿಡ್ನಿ ಸೋಸುವ ಪ್ರಮಾಣ 30ಕ್ಕಿಂತ ಕೆಳಗಿದ್ದವರಲ್ಲಿ ಹಳೇ ಬಗೆಯ ಗ್ಯಾಡೋಲಿನಿಯಂನಿಂದ ಚರ್ಮ ಕಲ್ಲಿನಂತೆ ಗಟ್ಟಿಯಾಗುವ ಕಾಯಿಲೆ ಬಂದದ್ದಿದೆ. ಹೊಸ ಬಗೆಯವುಗಳಲ್ಲಿ ಅದು ತೀರಾ ಅಪರೂಪ. ಕಿಡ್ನಿಯ ಕೆಲಸ ತಿಳಿಸುವ ರಕ್ತ ಪರೀಕ್ಷೆಯಲ್ಲಿ ಈಕೆಯ ಕ್ರಿಯಾಟಿನಿನ್ 1.1 ಇದ್ದದ್ದರಿಂದ ಚಿಂತೆ ಇರಲಿಲ್ಲ.

ಹಾಗಾಗಿ ಚೀಟಿಯಲ್ಲಿ ಹೀಗೆ ಬರೆದೆ: ಲೂಪಸ್, ಕಿಡ್ನಿ ತೊಂದರೆ, ಫಿಟ್ಸ್, ಗೊಂದಲ, ಬಿ.ಪಿ. ಜಾಸ್ತಿ, ಸ್ಟೀರಾಯ್ಡ್ 50 ಮಿಲಿಗ್ರಾಂ. ಸಿರೆಯಲ್ಲಿ ಹೆಪ್ಪು ಇದೆಯೇ? ಹೊಸ ಸ್ಟ್ರೋಕ್ ಇದೆಯೇ? ಬಿ.ಪಿ.ಯಿಂದ ಹಿಂಭಾಗ ಊದಿದೆಯೇ? ಸೋಂಕು ಇದೆಯೇ?

ಮೂರನೇ ಪ್ರಶ್ನೆಗೆ ಸ್ವಲ್ಪ ವಿವರಣೆ ಬೇಕು. ಬಿ.ಪಿ. ಏರಿದಾಗ, ಕಿಡ್ನಿ ಕೆಟ್ಟಾಗ ಮಿದುಳಿನ ಹಿಂಭಾಗದಲ್ಲಿ ನೀರು ತುಂಬಿ ಊದಿಕೊಳ್ಳುವುದುಂಟು. ಫಿಟ್ಸ್, ಗೊಂದಲ, ಕಣ್ಣು ಮಂಜಾಗುವುದು ಅದರ ಲಕ್ಷಣ. ಸಮಯಕ್ಕೆ ಬಿ.ಪಿ. ಇಳಿಸಿದರೆ ಸಾಮಾನ್ಯವಾಗಿ ವಾಪಸ್ ಸರಿಹೋಗುತ್ತದೆ. ಇದು ಸ್ಟ್ರೋಕ್ ಅಲ್ಲ ಎಂದು ತಿಳಿಯುವುದು ಹೇಗೆ? ಸ್ಟ್ರೋಕ್‌ನಲ್ಲಿ ರಕ್ತ ಸಿಗದ ಜೀವಕೋಶಗಳು ಊದಿಕೊಂಡು, ನೀರಿನ ಕಣಗಳಿಗೆ ಓಡಾಡಲು ಜಾಗ ಇಲ್ಲದಾಗುತ್ತದೆ. ಆ ಜಾಗ ಡಿಫ್ಯೂಷನ್ ಚಿತ್ರದಲ್ಲಿ ಬೆಳ್ಳಗೆ, ಅದರ ಜೊತೆಗಿನ ಎಡಿಸಿ ನಕ್ಷೆಯಲ್ಲಿ ಕಪ್ಪಗೆ ಕಾಣುತ್ತದೆ. ಬಿ.ಪಿ.ಯ ಊತದಲ್ಲಿ ನೀರು ಜೀವಕೋಶದ ಹೊರಗೆ ಆರಾಮಾಗಿ ಓಡಾಡುತ್ತಿರುತ್ತದೆ. ಅಲ್ಲಿ ಎಡಿಸಿ ನಕ್ಷೆಯೂ ಬೆಳ್ಳಗೇ ಇರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಗೊತ್ತಾಗುವ ವಿಷಯ.

ಸ್ಕ್ಯಾನಿಗೆ ಒಳಗೆ ಕಳಿಸುವುದೇ ಒಂದು ಸಾಹಸವಾಯಿತು. ಅರ್ಧ ಗಂಟೆಗೂ ಜಾಸ್ತಿ ಅಲುಗಾಡದೆ ಮಲಗಬೇಕು, ಯಂತ್ರದ ಸದ್ದು ಬೇರೆ. ಅನುಮಾನದಿಂದ ನಡುಗುತ್ತಿರುವವಳು ಮಲಗುತ್ತಾಳಾ? ಅರವಳಿಕೆ ತಜ್ಞರು ಸ್ವಲ್ಪ ಮಂಪರು ಕೊಡಲು ಒಪ್ಪಿದರು. "ನಾನು ಕೈ ಹಿಡ್ಕೊಂಡು ಪಕ್ಕದಲ್ಲೇ ಕೂರ್ತೀನಿ" ಅಂದರು ಅಪ್ಪ. ಮೈಯಲ್ಲಿ ಲೋಹ ಏನಾದರೂ ಇದೆಯಾ ಅನ್ನುವ ಪ್ರಶ್ನೆಯನ್ನು ರೋಗಿಗಷ್ಟೇ ಅಲ್ಲ, ಜೊತೆಗೆ ಒಳಹೋಗುವವರಿಗೂ ಕೇಳಬೇಕು. ಅಲ್ಲಿನ ಟೆಕ್ನೀಷಿಯನ್ ಕೇಳಿದರು. ಅಪ್ಪ ಭುಜ ತೋರಿಸಿದರು. ಹಿಂದೆ ಯಾವಾಗಲೋ ಬೆಳೆ ಕಾಯಲು ಹೋದಾಗ ಬೇರೆಯವರ ಕೋವಿಯಿಂದ ತಾಗಿದ ಚರೆ ಒಳಗೇ ಉಳಿದಿತ್ತು. ಸೀಸದ್ದಾದರೆ ಅಯಸ್ಕಾಂತ ಎಳೆಯುವುದಿಲ್ಲ, ಉಕ್ಕಿನದ್ದಾದರೆ ಎಳೆಯುತ್ತದೆ. ಯಾವುದೆಂದು ಗೊತ್ತಿಲ್ಲದಾಗ ಒಳಗೆ ಬಿಡುವುದಿಲ್ಲ. ಕೊಡಗಿನಲ್ಲಿ ಕೋವಿ ಇರುವ ಮನೆಗಳು ಕಮ್ಮಿಯಿಲ್ಲ. ಇಲ್ಲಿನ ವೈದ್ಯರು ಎಂಆರ್‌ಐ ಚೀಟಿ ಬರೆಯುವಾಗಲೇ ಇದನ್ನು ಕೇಳಿಕೊಳ್ಳುವುದು ಒಳ್ಳೆಯದು. ಅಪ್ಪನ ಬದಲು ಅಮ್ಮ ತಾಳಿ, ಬಳೆ, ಪಿನ್ನು ಎಲ್ಲ ಬಿಚ್ಚಿಟ್ಟು ಒಳಗೆ ಹೋದರು.

ವರದಿ ಬಂತು. ಸಿರೆಗಳಲ್ಲಿ ಹೆಪ್ಪಿಲ್ಲ. ಹೊಸ ಸ್ಟ್ರೋಕ್ ಇಲ್ಲ. ಹಿಂಭಾಗದ ಊತ ಇಲ್ಲ. ಕಾಂಟ್ರಾಸ್ಟ್ ಕೊಟ್ಟಾಗಲೂ ಏನೂ ಹೊಳೆಯಲಿಲ್ಲ. ಫ್ಲೇರ್ ಅನ್ನುವ ಚಿತ್ರದಲ್ಲಿ ಮಾತ್ರ ಮಿದುಳಿನ ಮುಂಭಾಗದ ಬಿಳಿ ಭಾಗದಲ್ಲಿ ನಾಲ್ಕೈದು ಪುಟ್ಟ ಬಿಳಿ ಚುಕ್ಕೆ.

"ಬಿಳಿ ಚುಕ್ಕೆ ಇದೆಯಂತೆ ಡಾಕ್ಟ್ರೇ, ಅದೇ ಅಲ್ವಾ ಲೂಪಸ್ಸು?" ಎಂದು ಅಪ್ಪ ಫೋನ್ ಮಾಡಿದರು. ಅಣ್ಣನ ವಾದ ಉಲ್ಟಾ. "ದೊಡ್ಡದೇನೂ ಇಲ್ಲ ಅಂದ್ಮೇಲೆ ತಲೆಗೆ ಏನೂ ಆಗಿಲ್ಲ. ಮನಸ್ಸಿನ ಡಾಕ್ಟ್ರಿಗೆ ತೋರಿಸಿದ್ರೆ ಸಾಕಲ್ವಾ?"

ಇಬ್ಬರ ಮಾತೂ ಸರಿಯಲ್ಲ. ಅಂಥ ಚುಕ್ಕೆಗಳು ಲೂಪಸ್‌ನಲ್ಲಿ ಸಾಮಾನ್ಯ, ತಲೆಗೆ ಏನೂ ತೊಂದರೆ ಇಲ್ಲದ ಲೂಪಸ್ ರೋಗಿಗಳಲ್ಲೂ ಸಿಗುತ್ತವೆ. ಬಿ.ಪಿ. ಇರುವವರಲ್ಲಿ, ಮೈಗ್ರೇನ್ ಇರುವವರಲ್ಲಿ, ವಯಸ್ಸಾದವರಲ್ಲಿ ಕೂಡ. ಚುಕ್ಕೆ ನೋಡಿ ಮಿದುಳಿಗೆ ಲೂಪಸ್ ಬಂದಿದೆ ಎಂದು ಬರೆಯುವುದು ಆತುರ. ಹಾಗೆಯೇ ಮಿದುಳಿಗೆ ಲೂಪಸ್ ತಾಗಿದವರಲ್ಲೂ ಎಷ್ಟೋ ಮಂದಿಯ ಎಂಆರ್‌ಐ ನಾರ್ಮಲ್ ಬರುತ್ತದೆ. ಭ್ರಮೆ, ಗೊಂದಲ ಮುಖ್ಯವಾಗಿರುವವರಲ್ಲಿ ಇನ್ನೂ ಜಾಸ್ತಿ. ಯಾಕೆಂದರೆ ಅಲ್ಲಿ ಪ್ರತಿಕಾಯಗಳೂ ಉರಿಯೂತದ ರಾಸಾಯನಿಕಗಳೂ ನರಕೋಶಗಳ ಕೆಲಸವನ್ನು ಕೆಡಿಸುತ್ತವೆ, ಕಣ್ಣಿಗೆ ಕಾಣುವ ಗಾಯ ಮಾಡಬೇಕೆಂದಿಲ್ಲ. ಅಣ್ಣನಿಗೆ ಹೇಳಿದ್ದು ಇಷ್ಟು: "ಮನೆ ಫೋಟೋ ತೆಗೆದ್ರೆ ಗೋಡೆ ಬಿರುಕು ಕಾಣುತ್ತಪ್ಪಾ, ಒಳಗಿನ ಜಗಳ ಕಾಣಲ್ಲ." ಪೆಟ್, ಸ್ಪೆಕ್ಟ್ ಎಂಬ ಸ್ಕ್ಯಾನ್‌ಗಳು ಮಿದುಳಿನ ರಕ್ತದ ಹರಿವು, ಸಕ್ಕರೆ ಬಳಕೆ ತೋರಿಸುತ್ತವೆ. ಎಂಆರ್‌ಐ ನಾರ್ಮಲ್ ಇದ್ದಾಗಲೂ ಅವುಗಳಲ್ಲಿ ಏರುಪೇರು ಸಿಗಬಹುದು. ಆದರೆ ಅದು ಯಾವ ಕಾರಣದಿಂದ ಎಂದು ಅವೂ ಹೇಳುವುದಿಲ್ಲ. ಮಾಡಿಸಲಿಲ್ಲ.

ಇನ್ನೊಂದು ಮಾತು ನೆಂಟರ ಕಡೆಯಿಂದ ಬಂತು. ಫಿಟ್ಸ್ ಬಂದಿದೆ ಅಂದರೆ ಹಂದಿ ಮಾಂಸದ ಹುಳು ಇರಬೇಕು ಅಂತ. "ನಮ್ಮನೇಲಿ ಮಾಂಸ ಮಾಡೋದೇ ಇಲ್ಲ" ಎಂದು ಅಮ್ಮ ನೊಂದುಕೊಂಡರು. ಪಂದಿ ಕರಿ ಊಟದ ನಾಡಿನಲ್ಲಿ ಇದನ್ನು ಬಿಡಿಸಿ ಹೇಳಬೇಕು. ಸರಿಯಾಗಿ ಬೇಯದ ಹಂದಿ ಮಾಂಸ ತಿಂದರೆ ಬರುವುದು ಹೊಟ್ಟೆಯ ಲಾಡಿಹುಳು. ಮಿದುಳಿಗೆ ಹೋಗುವುದು ಆ ಹುಳುವಿನ ಮೊಟ್ಟೆಯಿಂದ. ಮೊಟ್ಟೆ ಬರುವುದು ಹುಳು ಇರುವ ಮನುಷ್ಯರ ಮಲದಿಂದ, ಕೊಳಕು ನೀರು, ತೊಳೆಯದ ಸೊಪ್ಪು, ತೊಳೆಯದ ಕೈಗಳ ಮೂಲಕ. ಹಾಗಾಗಿ ಮಾಂಸ ಮುಟ್ಟದವರಿಗೂ ಬರುತ್ತದೆ, ಚೆನ್ನಾಗಿ ಬೇಯಿಸಿ ಹಂದಿ ತಿನ್ನುವವರಿಗೆ ಬರದೆಯೂ ಇರುತ್ತದೆ. ಎಂಆರ್‌ಐ ಇಲ್ಲಿ ನಿಜಕ್ಕೂ ಕೆಲಸ ಮಾಡಿತು. ಅಂಥ ಗುಳ್ಳೆ ಯಾವುದೂ ಇರಲಿಲ್ಲ.

ಹಾಗಾದರೆ ರೋಗ ಗೊತ್ತಾದದ್ದು ಹೇಗೆ? ಉಳಿದದ್ದನ್ನೆಲ್ಲ ಜೋಡಿಸಿ. ಬೆನ್ನಿನ ನೀರಿನಲ್ಲಿ 12 ಜೀವಕೋಶ, ಅಂದರೆ ಸ್ವಲ್ಪ ಜಾಸ್ತಿ; ಪ್ರೋಟೀನ್ ಕೂಡ ಸ್ವಲ್ಪ ಜಾಸ್ತಿ, ಸಕ್ಕರೆ ಸರಿ. ಟಿ.ಬಿ. ಮತ್ತು ಹರ್ಪಿಸ್ ವೈರಸ್ ಪರೀಕ್ಷೆ ನೆಗೆಟಿವ್. ಆ ವರದಿ ಬರುವವರೆಗೆ ವೈರಸ್ ಔಷಧಿಯೂ ನಡೆಯುತ್ತಿತ್ತು. ಮಿದುಳಿನ ವಿದ್ಯುತ್ ಅಲೆ ದಾಖಲಿಸುವ ಇಇಜಿಯಲ್ಲಿ ಇಡೀ ಮಿದುಳಿನ ಅಲೆ ನಿಧಾನ. ಲೂಪಸ್ ಜೋರಾದಾಗ ಇಳಿಯುವ ರಕ್ತದ ಪ್ರೋಟೀನ್‌ಗಳಾದ ಸಿ3, ಸಿ4 ಎರಡೂ ಕುಸಿದಿದ್ದವು, ಡಿಎನ್‌ಎ ವಿರುದ್ಧದ ಪ್ರತಿಕಾಯ ಏರಿತ್ತು. ಅಂದರೆ ಲೂಪಸ್ ಜೋರಾಗಿ ಉರಿಯುತ್ತಿತ್ತು. ಅದರ ಮೇಲೆ ಮುಖ್ಯ ಶಿಕ್ಷಕಿಯ ಮಾತು. ಮಿಥೈಲ್ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ದಿನಕ್ಕೆ 1 ಗ್ರಾಂನಂತೆ 3 ದಿನ, ಆಮೇಲೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಸೈಕ್ಲೋಫಾಸ್ಫಮೈಡ್ 500 ಮಿಲಿಗ್ರಾಂ ಎರಡು ವಾರಕ್ಕೊಮ್ಮೆ ಆರು ಸಲ. ಮೈಕೋಫೆನೊಲೇಟನ್ನು ಅಷ್ಟು ದಿನ ನಿಲ್ಲಿಸಿದರು. ಫಿಟ್ಸ್ ಮಾತ್ರೆ, ಬಿ.ಪಿ. ಮಾತ್ರೆ, ಸ್ವಲ್ಪ ದಿನಕ್ಕೆ ಭ್ರಮೆಯ ಮಾತ್ರೆ. ಎರಡನೇ ವಾರದ ಕೊನೆಗೆ ಅಮ್ಮನ ಹತ್ತಿರ ಕುಯ್ಲು ಎಲ್ಲಿಗೆ ಬಂತು ಎಂದು ಕೇಳಿದಳಂತೆ. ಬೇಸಿಗೆ ರಜೆ ಕಳೆದು ಶಾಲೆಗೂ ಹೋದಳು.

ಆಗಲೇ ಒಂದು ವರದಿ ಬದಿಯಲ್ಲಿ ಕೂತಿತ್ತು. ರಕ್ತ ಹೆಪ್ಪುಗಟ್ಟಿಸುವ ಮೂರು ಪ್ರತಿಕಾಯಗಳೂ ಪಾಸಿಟಿವ್. ಇವನ್ನು ಕನಿಷ್ಠ 12 ವಾರ ಬಿಟ್ಟು ಇನ್ನೊಮ್ಮೆ ನೋಡಬೇಕು, ಸೋಂಕು ಮುಂತಾದವುಗಳಲ್ಲಿ ಸುಮ್ಮನೆ ಬಂದು ಹೋಗುವುದೂ ಇದೆ. ಏಪ್ರಿಲ್‌ನಲ್ಲಿ ನೋಡಿದಾಗಲೂ ಹಾಗೇ ಇದ್ದವು. ಸಣ್ಣ ಪ್ರಮಾಣದ ಆಸ್ಪಿರಿನ್ ಶುರು ಮಾಡಿದರು. ಹೊಟ್ಟೆ ಉರಿ ಅಂತ ಜೂನ್ ಹೊತ್ತಿಗೆ ಅವಳೇ ಬಿಟ್ಟಿದ್ದಳು.

ಎರಡನೇ ಸ್ಕ್ಯಾನ್

ಆಗಸ್ಟ್. ಮಳೆ ಹಿಡಿದು ಕೂತಿದ್ದ ದಿನಗಳು. ಬೆಳಗ್ಗೆ ಐದಕ್ಕೆ ಎದ್ದಾಗ ಬಲಗೈಯಲ್ಲಿ ಲೋಟ ಹಿಡಿಯಲಾಗಲಿಲ್ಲ. ಕೇಳಿದ್ದು ಅರ್ಥವಾಗುತ್ತಿತ್ತು, ಉತ್ತರ ಬಾಯಿಗೆ ಬರುತ್ತಿರಲಿಲ್ಲ. ಮತ್ತೆ ಅದೇ ಶುರುವಾಯಿತು ಎಂದುಕೊಂಡು ಮನೆಯವರು ಸ್ಟೀರಾಯ್ಡ್ ಜಾಸ್ತಿ ಕೊಡಲಾ ಎಂದು ಫೋನ್ ಮಾಡಿದರು. ಬೇಡ, ಹೊರಡಿ ಅಂದೆ. ದಾರಿಯಲ್ಲಿ ಮರ ಬಿದ್ದು ತಡವಾಯಿತು. ಮೈಸೂರು ಮುಟ್ಟಿ ಸ್ಕ್ಯಾನ್ ಆಗುವಾಗ ಹನ್ನೊಂದು ಗಂಟೆ.

ಸ್ಟ್ರೋಕ್‌ಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ, ಆದರೆ ಸಾಮಾನ್ಯವಾಗಿ ಶುರುವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ನಿದ್ದೆಯಲ್ಲಿ ಆದ ಸ್ಟ್ರೋಕ್‌ಗೆ ಗಡಿಯಾರ ಎಲ್ಲಿಂದ ಶುರು ಮಾಡುವುದು? ಕೊನೇ ಸಲ ಸರಿಯಾಗಿ ಇದ್ದದ್ದು ರಾತ್ರಿ ಹತ್ತಕ್ಕೆ. ಇಂಥಲ್ಲಿ ಎಂಆರ್‌ಐ ಗಡಿಯಾರದ ಕೆಲಸವನ್ನೂ ಮಾಡುತ್ತದೆ. ಡಿಫ್ಯೂಷನ್ ಚಿತ್ರದಲ್ಲಿ ಸ್ಟ್ರೋಕ್ ಬೇಗ ಕಾಣುತ್ತದೆ, ಫ್ಲೇರ್ ಚಿತ್ರದಲ್ಲಿ ಕೆಲವು ಗಂಟೆ ತಡವಾಗಿ. ಮೊದಲನೆಯದರಲ್ಲಿ ಬೆಳ್ಳಗಿದ್ದು ಎರಡನೆಯದರಲ್ಲಿ ಇನ್ನೂ ಕಾಣದಿದ್ದರೆ ಸ್ಟ್ರೋಕ್ ಹೊಸದು, ಇಂಜೆಕ್ಷನ್ ಯೋಚಿಸಬಹುದು. 2018ರಲ್ಲಿ ಪ್ರಕಟವಾದ ವೇಕ್‌ಅಪ್ ಎಂಬ ಅಧ್ಯಯನ ಇದನ್ನೇ ತೋರಿಸಿತು. ಈಕೆಯ ಮಿದುಳಿನ ಎಡಭಾಗದಲ್ಲಿ, ಮಾತಿಗೆ ಸಂಬಂಧಿಸಿದ ಜಾಗದಲ್ಲಿ, ಎರಡೂ ಚಿತ್ರ ಬೆಳ್ಳಗಿದ್ದವು. ಎಡಿಸಿ ನಕ್ಷೆ ಕಪ್ಪು. ಹೊತ್ತು ಮೀರಿತ್ತು. ದೊಡ್ಡ ರಕ್ತನಾಳ ಯಾವುದೂ ಕಟ್ಟಿಕೊಂಡಿರಲಿಲ್ಲ, ಆದ್ದರಿಂದ ತೊಡೆಯಿಂದ ನಳಿಗೆ ಹಾಕಿ ಹೆಪ್ಪು ಎಳೆಯುವ ಮಾತೂ ಇರಲಿಲ್ಲ.

ಅಣ್ಣ ಜನವರಿಯ ಸ್ಕ್ಯಾನಿನ ಸಿಡಿ ತಂದಿದ್ದ. ವರದಿ ಕಾಗದ ಮಾತ್ರ ತಂದಿದ್ದರೆ ಕಷ್ಟವಾಗುತ್ತಿತ್ತು. ಹಳೇ ಚುಕ್ಕೆಗಳು ಹಾಗೇ ಇದ್ದವು. ಒಂದೂ ಬೆಳೆದಿಲ್ಲ, ಹೊಸದು ಹುಟ್ಟಿಲ್ಲ. ರಕ್ತದಲ್ಲಿ ಸಿ3, ಸಿ4 ನಾರ್ಮಲ್ ಆಗಿದ್ದವು. ಅಂದರೆ ಈ ಸಲ ಉರಿಯೂತವಲ್ಲ, ಹೆಪ್ಪು. ಜನವರಿಯಲ್ಲಿ ಸ್ಕ್ಯಾನ್ ಬೇರೆ ಕಾರಣಗಳನ್ನು ಅಳಿಸಿಹಾಕಿತ್ತು ಅಷ್ಟೇ. ಆಗಸ್ಟ್‌ನಲ್ಲಿ ಚಿಕಿತ್ಸೆಯನ್ನೇ ತಿರುಗಿಸಿತು. ಸ್ಟೀರಾಯ್ಡ್ ಏರಿಸಲಿಲ್ಲ. ಎಕೋದಲ್ಲಿ ಹೃದಯದ ಕವಾಟ ಸರಿ ಇದೆ ಎಂದು ಖಚಿತ ಮಾಡಿಕೊಂಡು, ಕೆಲವು ದಿನ ಕಾದು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಶುರು ಮಾಡಿದರು. ರಕ್ತ ಎಷ್ಟು ತಡವಾಗಿ ಹೆಪ್ಪುಗಟ್ಟುತ್ತದೆ ಎಂದು ತೋರಿಸುವ ಐಎನ್‌ಆರ್ 2ರಿಂದ 3ರ ನಡುವೆ ಇರಬೇಕು.

ಪದೇ ಪದೇ ರಕ್ತ ಪರೀಕ್ಷೆ ಬೇಡದ ಹೊಸ ಮಾತ್ರೆ ಇದೆಯಂತಲ್ಲ ಎಂದು ಅಣ್ಣ ಕೇಳಿದ. ಒಳ್ಳೆಯ ಪ್ರಶ್ನೆ. ಮೂರೂ ಪ್ರತಿಕಾಯ ಪಾಸಿಟಿವ್ ಇರುವವರಲ್ಲಿ ರಿವರೊಕ್ಸಬಾನ್ ಎಂಬ ಅಂಥ ಹೊಸ ಮಾತ್ರೆ ಮತ್ತು ವಾರ್ಫರಿನ್ ಹೋಲಿಸಿದ ಅಧ್ಯಯನವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಹೊಸ ಮಾತ್ರೆಯವರಲ್ಲಿ ಸ್ಟ್ರೋಕ್, ಹೃದಯಾಘಾತ ಜಾಸ್ತಿ ಕಂಡವು. ಆದ್ದರಿಂದ ಈಕೆಗೆ ಹಳೇ ವಾರ್ಫರಿನ್ನೇ.

ಮಾತು ಹೆಚ್ಚುಕಡಿಮೆ ಪೂರ್ತಿ ಬಂದಿದೆ. ಬೋರ್ಡಿನ ಮೇಲೆ ಬರೆಯುವಾಗ ಕೈ ಬೇಗ ಸೋಲುತ್ತದೆ. ಮದುವೆ ವಿಷಯ ಅಮ್ಮ ಕೇಳಿದರು. ಮದುವೆಗೆ ಅಡ್ಡಿಯಿಲ್ಲ. ಆದರೆ ವಾರ್ಫರಿನ್, ಮೈಕೋಫೆನೊಲೇಟ್ ಎರಡೂ ಗರ್ಭದ ಮಗುವಿಗೆ ಕೆಡುಕು. ಮಗು ಬೇಕೆಂದರೆ ಕಾಯಿಲೆ ತಣ್ಣಗಾಗಿರಬೇಕು, ಮೊದಲೇ ಬಂದು ಮಾತ್ರೆ ಬದಲಿಸಿಕೊಳ್ಳಬೇಕು ಎಂದು ಅವಳಿಗೇ ಬೇರೆಯಾಗಿ ಕೂರಿಸಿ ಹೇಳಿದ್ದೇನೆ. ಸೊಪ್ಪು ತಿನ್ನಬಾರದಂತೆ, ಮದ್ದುಸೊಪ್ಪೂ ಬೇಡವಾ ಅನ್ನುವುದು ಅಜ್ಜಿಯ ಪ್ರಶ್ನೆ. ಹಸಿರು ಸೊಪ್ಪಿನಲ್ಲಿ ವಿಟಮಿನ್ ಕೆ ಇರುವುದರಿಂದ ವಾರ್ಫರಿನ್ ಕೆಲಸ ತಗ್ಗುತ್ತದೆ ನಿಜ. ಪೂರ್ತಿ ಬಿಡಬೇಕಿಲ್ಲ. ದಿನವೂ ಸುಮಾರು ಒಂದೇ ಅಳತೆ ಇರಲಿ, ಒಂದು ವಾರ ರಾಶಿ, ಇನ್ನೊಂದು ವಾರ ಸೊನ್ನೆ ಆಗಬಾರದು.

ಇನ್ನು ಅಪ್ಪನ ಪ್ರಶ್ನೆ: "ವರ್ಷಕ್ಕೊಂದು ಸಲ ಎಂಆರ್‌ಐ ಮಾಡಿಸ್ತಾ ಇರೋಣ್ವಾ? ದುಡ್ಡು ಹೇಗಾದ್ರೂ ಹೊಂದಿಸ್ತೀನಿ." ಬೇಡ ಅಂದೆ. ಹುಷಾರಾಗಿರುವಾಗ ಸ್ಕ್ಯಾನ್ ಮಾಡಿಸಿದರೆ ಅದೇ ನಾಲ್ಕೈದು ಚುಕ್ಕೆ ಕಾಣುತ್ತವೆ, ಮನೆಯವರೆಲ್ಲ ಮತ್ತೆ ಹೆದರುತ್ತಾರೆ. ಹೊಸ ಫಿಟ್ಸ್, ಕೈಕಾಲು ಸೋಲುವುದು, ಮಾತು ತಡವರಿಸುವುದು, ಎಂದೂ ಇಲ್ಲದ ತಲೆನೋವು, ಕಣ್ಣು ಮಂಜು, ದಿನಗಳಲ್ಲೇ ಬದಲಾಗುವ ನಡವಳಿಕೆ, ಇವು ಬಂದರೆ ಮಾತ್ರ ಸ್ಕ್ಯಾನ್, ಅದೂ ತಡ ಮಾಡದೆ. ಆಗ ಎರಡೂ ಸಿಡಿ ಕೈಯಲ್ಲಿರಲಿ. ಆ ದುಡ್ಡು ಐಎನ್‌ಆರ್, ಮೂತ್ರ ಪರೀಕ್ಷೆ ಮತ್ತು ಬಿ.ಪಿ. ನೋಡುವ ಯಂತ್ರಕ್ಕೆ ಹೋಗಲಿ ಎಂದೆ. ಯಂತ್ರ ತೆಗೆದುಕೊಂಡಿದ್ದಾರೆ. ಐಎನ್‌ಆರ್ ಸೋಮವಾರಪೇಟೆಯಲ್ಲೇ ಮಾಡಿಸುತ್ತಾರೆ. ಕಳೆದ ಸಲ 2.4 ಇತ್ತು.